ಅಲ್ಲಾಡಿದ ಫೋಟೋ

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಯಾವಾಗ ಕಳೆದುಹೋಯಿತೋ ಊರಿಗೆ ಗೊತ್ತಿಲ್ಲ, ಅವರಿಗೂ ಅದರ ಗೊಡವೆ ಇರಲಿಲ್ಲ. ಊರಿಗೆ ಊರೇ ಅವರನ್ನು ‘ಅಲ್ಲಾಡಬೇಡಿ’ ಎಂದು ಕರೆಯುತ್ತಿತ್ತು. ಬೆನ್ನ ಹಿಂದೆ ಆಡಿಕೊಳ್ಳುವ ಅಡ್ಡಹೆಸರಲ್ಲ ಅದು. ಎದುರಿಗೇ, ಮರ್ಯಾದೆಯಿಂದಲೇ, “ಅಲ್ಲಾಡ್ಬೇಡಿಯವರೇ, ಊಟ ಆಯ್ತಾ?” ಎಂದು ಕೇಳುತ್ತಿದ್ದರು. ಅವರೂ ನಿಂತು, ಆಯ್ತು ಎಂದು ಹೇಳಿ ಹೋಗುತ್ತಿದ್ದರು.

ಹೆಸರು ಬಂದದ್ದು ಕಸುಬಿನಿಂದ. ಅವರ ಮಾವ, ಅಂದರೆ ಹೆಂಡತಿಯ ತಂದೆ, ಮಾರುಕಟ್ಟೆಯ ಬೀದಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇಟ್ಟಿದ್ದರು. ಮದುವೆಗೆ ಮೊದಲೇ ಇವರು ಅಲ್ಲಿ ಕೆಲಸಕ್ಕಿದ್ದವರು. ಮಾವನ ಕ್ಯಾಮೆರಾ ಎಂದರೆ ಒಂದು ಮುದಿ ಎತ್ತು. ಗುಂಡಿ ಒತ್ತಿದ ಮೇಲೆ ಅದು ಕಣ್ಣು ಬಿಟ್ಟು, ಎದುರಿಗೆ ಕೂತವರನ್ನು ನೋಡಿ, ಯೋಚನೆ ಮಾಡಿ, ಮತ್ತೆ ಕಣ್ಣು ಮುಚ್ಚುವ ಹೊತ್ತಿಗೆ ಕೂತವರು ಸೀನಿದರೂ ಫೋಟೋ ಕೆಟ್ಟಿತು, ರೆಪ್ಪೆ ಮಿಟುಕಿಸಿದರೂ ಕೆಟ್ಟಿತು. ಹಾಗಾಗಿ ಮಾವ ಅಳಿಯನಿಗೆ ಕಲಿಸಿದ್ದು ಒಂದೇ ಪಾಠ: ಅಲ್ಲಾಡಿದ ಫೋಟೋ ಈ ಹೊಸಿಲು ದಾಟಬಾರದು. ಮಾವ ತೀರಿಕೊಂಡರು, ಮುದಿ ಕ್ಯಾಮೆರಾ ಹೋಗಿ ಚುರುಕಾದದ್ದು ಬಂತು. ಪಾಠ ಮಾತ್ರ ಹೋಗಲಿಲ್ಲ. ಅಲ್ಲಾಡಬೇಡಿಯವರು ಪರದೆಯ ಮುಂದೆ ಜನರನ್ನು ಕೂರಿಸಿ, ಒಂದು ಕಣ್ಣು ಮುಚ್ಚಿ, “ಉಸಿರು ಬಿಗಿಹಿಡೀರಿ… ಅಲ್ಲಾಡ್ಬೇಡಿ!” ಎಂದು ಗುಡುಗಿದರೆ ಕೈಕೂಸು ಕೂಡ ಅಳುವುದನ್ನು ಅರ್ಧಕ್ಕೇ ನಿಲ್ಲಿಸುತ್ತಿತ್ತು.

ಇದರಿಂದ ಊರಿಗೆ ಆದ ಗತಿಯನ್ನು ನೋಡಬೇಕು. ಇಡೀ ಒಂದು ತಲೆಮಾರು ಆ ಪರದೆಯ ಮುಂದೆ ಕೂತು ಬೆಳೆದದ್ದು. ಕ್ಯಾಮೆರಾ ಕಂಡರೆ ಸಾಕು, ಅವರು ಗರ ಬಡಿದವರಂತೆ ನಿಂತುಬಿಡುತ್ತಿದ್ದರು. ಒಮ್ಮೆ ಕಳ್ಳನೊಬ್ಬ ಬೀದಿಯಲ್ಲಿ ಓಡುತ್ತಿದ್ದಾಗ ಅಲ್ಲಾಡಬೇಡಿಯವರು ಬಾಗಿಲಲ್ಲಿ ಕ್ಯಾಮೆರಾ ಒರೆಸುತ್ತಿದ್ದರು. ಕಳ್ಳ ಅದನ್ನು ಕಂಡವನೇ ಓಟ ನಿಲ್ಲಿಸಿ, ಗದ್ದ ಎತ್ತಿ, ಎರಡೂ ಕೈಯನ್ನು ತೊಡೆಗೆ ಅಂಟಿಸಿ ನಿಂತ. ಪೊಲೀಸರು ನಿಧಾನವಾಗಿ ನಡೆದುಬಂದು ಹಿಡಿದುಕೊಂಡು ಹೋದರು. ಊರಿನ ಮನೆಗಳ ಗೋಡೆಯ ಮೇಲಿನ ಫೋಟೋಗಳನ್ನು ನೋಡಿ ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ ಎಂದು ಹೇಳುವುದು ಕಷ್ಟವಿತ್ತು. ಎಲ್ಲರದೂ ಒಂದೇ ಮುಖ, ಒಂದೇ ಬಿಗಿ.

ಈ ಬಿಗಿಗೆ ಸಿಕ್ಕಿ ನಿಜವಾಗಿ ಕಷ್ಟಪಟ್ಟವರು ಅವರ ಹೆಂಡತಿ. ಆಕೆ ಹುಟ್ಟಾ ನಗುವವರು. ಮದುವೆಯಾದ ಹೊಸದರಲ್ಲಿ ಅವರನ್ನು ಪರದೆಯ ಮುಂದೆ ಕೂರಿಸಿದಾಗ, ಗಂಡ ಒಂದು ಕಣ್ಣು ಮುಚ್ಚಿದ್ದನ್ನು ನೋಡಿ ಆಕೆಗೆ ನಗು ತಡೆಯಲಾಗಲಿಲ್ಲ. ಹಿಂದೆ ಮಾವ ನಿಂತಿದ್ದರು. ಅಳಿಯ ಹೆದರಿ, “ಅಲ್ಲಾಡ್ಬೇಡಿ!” ಎಂದು ಗದರಿದರು. ಕೈಹಿಡಿದ ಹೆಂಡತಿಯನ್ನು ಬಹುವಚನದಲ್ಲಿ ಗದರಿದ ಗಂಡ ಊರಲ್ಲಿ ಇವರೊಬ್ಬರೇ ಇರಬೇಕು. ಆಕೆಯ ನಗು ಅಲ್ಲೇ ನಿಂತಿತು. ಅಂದಿನಿಂದ ಆಕೆ ಅಡುಗೆಮನೆಯಲ್ಲಿ ಪಕ್ಕದ ಮನೆಯಾಕೆಯ ಜೊತೆ ಹೊಟ್ಟೆ ಹುಣ್ಣಾಗುವಂತೆ ನಗುವುದು ಅವರಿಗೆ ಕೇಳಿಸುತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದರೆ ಮೌನ. ಹೆಂಡತಿಯ ನಗುವನ್ನು ಅವರು ಗೋಡೆಯ ಈಚೆಯಿಂದ ಕೇಳಿದ್ದರೇ ಹೊರತು ಆಮೇಲೆ ಎದುರಿನಿಂದ ಒಂದು ದಿನವೂ ನೋಡಿದವರಲ್ಲ. ಊರಿನ ಮುಖಗಳನ್ನೆಲ್ಲ ನೋಡಿದ ಮನುಷ್ಯನಿಗೆ ಇದೊಂದು ಸಂಕಟ ಒಳಗೇ ಇತ್ತು. ಯಾರ ಹತ್ತಿರ ಹೇಳಿಕೊಳ್ಳುವುದು?

ಮಾವನ ನಂತರ ಸ್ಟುಡಿಯೋ ಭಾಮೈದನ ಕೈಗೆ ಬಂತು. ಹೆಂಡತಿಯ ಈ ತಮ್ಮ ಲೆಕ್ಕಾಚಾರದ ಮನುಷ್ಯ, ಕೆಟ್ಟವನಲ್ಲ. ಜನ ಫೋಟೋ ತೆಗೆಸಲು ಬರುವುದು ಕಡಿಮೆಯಾದಾಗ ಅವನು ಪರದೆ ಸುತ್ತಿಟ್ಟು, ಗಾಜಿನ ಕೌಂಟರ್ ಹಾಕಿಸಿ, ಕ್ಯಾಮೆರಾ ಅಂಗಡಿ ಮಾಡಿದ.

“ಭಾವ, ಇನ್ಮೇಲೆ ನೀವು ಫೋಟೋ ತೆಗೆಯೋದು ಬೇಡ. ಜನಕ್ಕೆ ಕ್ಯಾಮೆರಾ ಮಾರಿ, ಅವರೇ ತೆಗೆದುಕೊಳ್ತಾರೆ. ಇಗೋ ನಿಮ್ಮ ಸ್ಟೂಲು, ಇಲ್ಲೇ ಕೂತ್ಕೊಳ್ಳಿ.”

ಅಂಗೈಯಗಲದ ಹೊಸ ಡಿಜಿಟಲ್ ಕ್ಯಾಮೆರಾಗಳು ಪೆಟ್ಟಿಗೆಪೆಟ್ಟಿಗೆ ಬಂದವು. ಅವುಗಳ ವಿಶೇಷವೆಂದರೆ, ಒಂದೊಂದು ಬಗೆಯ ಜನಕ್ಕೆ ಒಂದೊಂದು. ಊರೂರು ಸುತ್ತುವವರಿಗೆ ದೂರದ್ದನ್ನು ಹತ್ತಿರ ತರುವ ಉದ್ದ ಮೂತಿಯದು. ನೀರಿಗಿಳಿಯುವವರಿಗೆ ಒದ್ದೆಯಾದರೂ ಕೆಡದ್ದು. ಕೈ ನಡುಗುವವರಿಗೆ ನಡುಕವನ್ನು ನುಂಗಿಕೊಳ್ಳುವಂಥದ್ದು. ಮನೆಮಂದಿಗೆಲ್ಲ ಒಂದು ಬಣ್ಣದ ಕ್ಯಾಮೆರಾ. ಅದರ ಗುಂಡಿ ಒತ್ತಬೇಕಾಗಿಯೇ ಇಲ್ಲ. ಎದುರಿಗಿದ್ದವರು ನಕ್ಕರೆ ಸಾಕು, ತಾನಾಗಿಯೇ ‘ಕ್ಲಿಕ್’ ಎನ್ನುತ್ತದೆ. ಊರಿನವರು ಅದಕ್ಕೆ ‘ನಗು ಕ್ಯಾಮೆರಾ’ ಎಂದು ಹೆಸರಿಟ್ಟರು. “ಗ್ರಾಹಕರನ್ನು ನೋಡಿದ ಕೂಡಲೇ ಅವರು ಯಾವ ಬಗೆ ಎಂದು ತಿಳಿಯಬೇಕು” ಎಂದು ಕಂಪನಿ ಹೇಳಿಕಳಿಸಿತ್ತು. ಅಲ್ಲಾಡಬೇಡಿಯವರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಅನಾಹುತ ಶುರುವಾದದ್ದು ಅಲ್ಲಿಂದಲೇ.

ಮೊದಲು ಬಂದವನು ಕ್ಷೌರದಂಗಡಿಯವನು. ಹೊಸ ಹೊಸ ಕಟಿಂಗ್‌ಗಳ ಫೋಟೋ ತೆಗೆದು ಅಂಗಡಿಯಲ್ಲಿ ಅಂಟಿಸುವ ಆಸೆ ಅವನಿಗೆ. ಅಲ್ಲಾಡಬೇಡಿಯವರು ಅವನ ಕೈಯನ್ನೇ ನೋಡಿ, ಅಂಗಡಿ ತುಂಬ ಜನವಿದ್ದಾಗ, ತಮ್ಮ ಹಳೆಯ ಗುಡುಗಿನ ದನಿಯಲ್ಲೇ, “ನಿಮಗೆ ಇದೇ ಸರಿ. ಕೈ ನಡುಗೋರಿಗೆ ಅಂತಾನೇ ಮಾಡಿದ್ದಾರೆ!” ಎಂದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಮಾರನೆಯ ದಿನ ಕ್ಷೌರದ ಕುರ್ಚಿ ಖಾಲಿ. ಕತ್ತು ಯಾರಿಗೆ ಬೇಡ ಹೇಳಿ? ಕ್ಷೌರದವನು ಕ್ಯಾಮೆರಾ ತಂದು ಕೌಂಟರಿನ ಮೇಲೆ ಕುಕ್ಕಿ, “ನಿಮ್ಮ ಬಾಯಿಗೆ ಇಷ್ಟು ಮಣ್ಣು ಹಾಕ!” ಎಂದು ಕೂಗಾಡಿ ಹೋದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ನಿವೃತ್ತ ಹೆಡ್‌ಮಿಸ್ಟ್ರೆಸ್ ಬಂದಾಗ ಅವರ ಕೈಗೆ ಉದ್ದ ಮೂತಿಯ ಕ್ಯಾಮೆರಾ ಹೋಯಿತು. ‘ಬಿಡುವಾಗಿದ್ದಾರೆ, ಊರೂರು ಸುತ್ತುತ್ತಾರೆ’ ಎಂಬುದು ಅಲ್ಲಾಡಬೇಡಿಯವರ ಅಂದಾಜು. ಆಕೆ ಸುತ್ತಲೂ ಇಲ್ಲ, ಏನೂ ಇಲ್ಲ. ತಮ್ಮ ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು ಬೀದಿಯ ಆಚೆಯ ಮನೆಗಳ ಕಿಟಕಿಗೆ ಮೂತಿ ತಿರುಗಿಸಿದರು. ಹೋಮ್‌ವರ್ಕ್ ಮಾಡುತ್ತಿದ್ದ ಹುಡುಗಿಯೊಬ್ಬಳಿಗೆ ಆಕಾಶದಿಂದ, “ಏಳೆಂಟ್ಲ ಐವತ್ತಾರು ಕಣೇ, ಐವತ್ನಾಲ್ಕಲ್ಲ!” ಎಂಬ ಕೂಗು ಕೇಳಿಸಿತು. ಹುಡುಗಿಗೆ ಜ್ವರ ಬಂತು. ಬೀದಿಯವರೆಲ್ಲ ದಪ್ಪ ಪರದೆ ಹೊಲಿಸಿದರು. ಲಾಭವಾದದ್ದು ಬಟ್ಟೆ ಅಂಗಡಿಗೆ. ಸರಿಹೋದ ವ್ಯಾಪಾರ ಎಂದರೆ ಒಂದೇ. ಬಟ್ಟೆ ಒಗೆಯುವ ಅಂಗಡಿಯವನು ಒದ್ದೆಯಾದರೂ ಕೆಡದ ಕ್ಯಾಮೆರಾವನ್ನು ಪ್ಯಾಂಟಿನ ಜೇಬಿನಲ್ಲಿಟ್ಟು ಯಂತ್ರಕ್ಕೆ ಹಾಕಿ ತಿರುಗಿಸಿದ. ಕ್ಯಾಮೆರಾ ಬದುಕಿತು. ಪ್ಯಾಂಟು ಒಳಗಿನಿಂದ ಹೇಗೆ ಕಾಣುತ್ತದೆಂಬ ಫೋಟೋ ಅವನ ಅಂಗಡಿಯಲ್ಲಿ ಈಗಲೂ ತೂಗುತ್ತಿದೆ.

ನಗು ಕ್ಯಾಮೆರಾ ಮಾತ್ರ ಒಂದೂ ಹೋದಲ್ಲಿ ಉಳಿಯಲಿಲ್ಲ. ಕೊಂಡುಹೋದವರೆಲ್ಲ ವಾಪಸ್ ತಂದರು. “ಕೆಟ್ಟಿದೆ ಸಾರ್, ಎಷ್ಟು ಹೊತ್ತು ನಿಂತರೂ ಕ್ಲಿಕ್ಕೇ ಅನ್ನಲ್ಲ.” ನಿಂತಿದ್ದರೇ ಹೊರತು ಯಾರೂ ನಕ್ಕಿರಲಿಲ್ಲ. ಕ್ಯಾಮೆರಾದ ಮುಂದೆ ನಗಬಹುದು ಎಂಬ ಸಂಗತಿಯೇ ಅವರ ಅನುಭವದಲ್ಲಿ ಇರಲಿಲ್ಲ.

ಭಾಮೈದನ ತಾಳ್ಮೆ ತೀರಿತು.

“ಭಾವ, ಭಾನುವಾರ ಕಂಪನಿಯವರು ಬರ್ತಾರೆ. ಬೀದಿಯವರನ್ನೆಲ್ಲ ಸೇರಿಸಿ ನಗು ಕ್ಯಾಮೆರಾ ತೋರಿಸ್ಬೇಕು. ಅದು ಕ್ಲಿಕ್ ಅಂದ್ರೆ ಅಂಗಡಿ ಉಳೀತು. ಅನ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ನಿಮ್ಮ ಸ್ಟೂಲು ಹಿಂದಿನ ಕೋಣೆಗೆ ಹೋಗತ್ತೆ. ಅಲ್ಲಿ ಕೂತು ಫ್ರೇಮ್ ಕತ್ತರಿಸ್ತಾ ಇರಿ.”

ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಅಲ್ಲಿರುವುದು ಕಟ್ಟಿಗೆ ಪಟ್ಟಿ, ಗರಗಸ, ಗಾಜು, ಹುಡಿ. ಬೆಳಗಿನಿಂದ ಸಂಜೆಯವರೆಗೆ ಒಂದು ಮುಖವೂ ಕಾಣುವುದಿಲ್ಲ. ಜೀವಮಾನವೆಲ್ಲ ಎದುರಿಗೆ ಮುಖ ಇಟ್ಟುಕೊಂಡೇ ಬದುಕಿದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ಅಲ್ಲಾಡಬೇಡಿಯವರು ಒಂದು ನಗು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

ಮನೆಯಲ್ಲಿ ಅದನ್ನು ಊಟದ ಮೇಜಿನ ಮೇಲೆ, ಎರಡು ಡಬ್ಬಿಗಳ ನಡುವೆ ನಿಲ್ಲಿಸಿ, ಹೆಂಡತಿಯನ್ನು ಎದುರಿಗೆ ಕೂರಿಸಿದರು. ಪುಟ್ಟ ಪರದೆಯಲ್ಲಿ ಆಕೆಯ ಮುಖದ ಸುತ್ತ ಹಳದಿ ಚೌಕವೊಂದು ಮೂಡಿತು. ಆಕೆ ಕೈ ಮಡಿಲಲ್ಲಿಟ್ಟು, ಗದ್ದ ಎತ್ತಿ, ಉಸಿರು ಬಿಗಿಹಿಡಿದರು. ಕ್ಯಾಮೆರಾ ಸುಮ್ಮನಿತ್ತು. ಅಲ್ಲಾಡಬೇಡಿಯವರು ಪೇಪರಿನಲ್ಲಿ ಬಂದಿದ್ದ ಹಾಸ್ಯದ ತುಣುಕೊಂದನ್ನು ನಿಧನವಾರ್ತೆ ಓದುವ ದನಿಯಲ್ಲಿ ಓದಿದರು. ಕ್ಯಾಮೆರಾ ಸುಮ್ಮನೇ ಇತ್ತು.

“ಉಸಿರು ಬಿಡ್ಲಾ?” ಎಂದು ಆಕೆ ತುಟಿ ಅಲ್ಲಾಡಿಸದೆ ಕೇಳಿದರು.

“ಬಿಡು, ಬಿಡು. ಅಲ್ಲ ಕಣೆ, ನಿನಗೆ ನಗು ಬರಲ್ವಾ?”

“ಬರತ್ತೆ. ಬಂದು ಗಂಟಲಲ್ಲೇ ನಿಂತ್ಕೊಳ್ಳತ್ತೆ. ಅವತ್ತು ನೀವು ಅಲ್ಲಾಡ್ಬೇಡಿ ಅಂದ್ರಲ್ಲ.”

“ಅವತ್ತು ಅಂದಿದ್ದು ಇವತ್ತಿನವರೆಗೂನಾ?”

“ಮತ್ತೆ? ಅಲ್ಲಾಡಿ ಅಂತ ಯಾವತ್ತು ಹೇಳಿದ್ರಿ?”

ಅಲ್ಲಾಡಬೇಡಿಯವರು ಬಾಯಿ ತೆರೆದರು. ಆಕೆ ಹೇಳಿದ್ದು ನಿಜ. ಹೇಳಿದ್ದನ್ನು ಅವರು ಯಾವತ್ತೂ ವಾಪಸ್ ತೆಗೆದುಕೊಂಡಿರಲಿಲ್ಲ. ಆಕೆಗೂ ಹೇಳಿರಲಿಲ್ಲ, ಊರಿಗೂ ಹೇಳಿರಲಿಲ್ಲ. ಫೋಟೋ ತೆಗೆದಾದ ಮೇಲೆ ‘ಮುಂದಿನವರು ಬನ್ನಿ’ ಎನ್ನುತ್ತಿದ್ದರು ಅಷ್ಟೆ. ಈಗ ಹೇಳಿಬಿಡೋಣ ಎಂದುಕೊಂಡರು. ಗೋಡೆಯ ಮೇಲಿಂದ ಮಾವನ ಫೋಟೋ ದಿಟ್ಟಿಸುತ್ತಿತ್ತು. ಬಾಯಿ ಮುಚ್ಚಿ, ಕ್ಯಾಮೆರಾ ಆರಿಸಿ, ಕೈತೊಳೆಯಲು ಹೋದರು.

ಭಾನುವಾರ ಬೆಳಿಗ್ಗೆ ಅಂಗಡಿಯ ಮುಂದೆ ಬೀದಿಯೇ ಸೇರಿತು. ಕ್ಷೌರದವನು ಕೋಪ ಆರದಿದ್ದರೂ ಬಂದಿದ್ದ. ಅವನಿಗೆ ಬೇರೆ ಕೆಲಸವೂ ಇರಲಿಲ್ಲ. ಹೆಡ್‌ಮಿಸ್ಟ್ರೆಸ್ ಮುಂದಿನ ಸಾಲು ಹಿಡಿದಿದ್ದರು. ಹೆಂಡತಿ ಕಟ್ಟಕಡೆಯ ಸಾಲಿನಲ್ಲಿ, ಪಕ್ಕದ ಮನೆಯಾಕೆಯ ತೋಳು ಹಿಡಿದು ನಿಂತಿದ್ದರು. ಕಂಪನಿಯವನು ಟೈ ಕಟ್ಟಿದ, ಚುರುಕಾದ ಯುವಕ. ಮುಖದಲ್ಲಿ ಸದಾ ಒಂದು ನಗು, ಗೋಂದು ಹಾಕಿ ಅಂಟಿಸಿದ ಹಾಗೆ. ಅವನು ನಗು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ತಂತಿಯಿಂದ ದೊಡ್ಡ ಟಿವಿಗೆ ಜೋಡಿಸಿದ. ಅವನು ಎದುರಿಗೆ ಹೋದಾಗಲೆಲ್ಲ ಅದು ಕ್ಲಿಕ್, ಕ್ಲಿಕ್ ಎಂದು ಅವನದೇ ಫೋಟೋ ತೆಗೆಯಿತು. ಭಾಮೈದನ ಮುಖದಲ್ಲಿ ಕಳೆ ಬಂತು.

“ಈಗ ನಿಮ್ಮ ಸರದಿ! ಎಲ್ಲರೂ ಕ್ಯಾಮೆರಾ ನೋಡಿ!” ಎಂದ ಯುವಕ.

ಇಡೀ ಬೀದಿ ಒಟ್ಟಿಗೆ ಉಸಿರು ಒಳಕ್ಕೆಳೆದುಕೊಂಡಿತು. ಅಂಗಡಿಯ ಬಾಗಿಲಿನ ಪ್ಲಾಸ್ಟಿಕ್ ಪರದೆ ಹೊರಕ್ಕೆ ಜಗ್ಗಿತು ಎಂದು ಅಲ್ಲಿದ್ದವರು ಈಗಲೂ ಹೇಳುತ್ತಾರೆ. ನಂಬುವವರು ನಂಬಲಿ. ಗದ್ದಗಳು ಎದ್ದವು, ಕೈಗಳು ತೊಡೆಗಂಟಿದವು. ಟಿವಿಯಲ್ಲಿ ಮುಖಕ್ಕೊಂದರಂತೆ ಹಳದಿ ಚೌಕಗಳು ತುಂಬಿದವು. ಕ್ಲಿಕ್ ಮಾತ್ರ ಬರಲಿಲ್ಲ.

“ನಗಿ, ನಗಿ!” ಎಂದು ಯುವಕ ಹುರಿದುಂಬಿಸಿದ. ಯಾರೂ ನಗಲಿಲ್ಲ. ಅವನು ಒಂದು ಜೋಕ್ ಹೇಳಿದ. ಜೋಕ್ ಚೆನ್ನಾಗಿಯೇ ಇತ್ತು. ಗುಂಪಿನಲ್ಲಿದ್ದ ಕಂದಾಯ ಇಲಾಖೆಯ ಗುಮಾಸ್ತರೊಬ್ಬರು ಉಸಿರು ಕಟ್ಟಿ ನೀಲಿಗಟ್ಟಿ ಬಿದ್ದೇಬಿಟ್ಟರು. ಬೀಳುವಾಗಲೂ ಮೊಣಕಾಲು ಬಗ್ಗಿಸದೆ, ಹಲಗೆಯ ಹಾಗೆ ನೆಟ್ಟಗೆ ಬಿದ್ದರು. ಯುವಕ ಗಾಬರಿಯಾಗಿ, ಕ್ಯಾಮೆರಾವೇ ಕೆಟ್ಟಿರಬೇಕೆಂದು ಎರಡನೆಯ ಪೆಟ್ಟಿಗೆ ಒಡೆದ, ಮೂರನೆಯದು ಒಡೆದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೂ ನೆಟ್ಟಗಿತ್ತು, ಕುಣಿಯುವವರೇ ಇರಲಿಲ್ಲ.

“ಈ ಊರಿನವರಿಗೆ ಏನಾಗಿದೆ ಸಾರ್?” ಎಂದು ಕಡೆಗೆ ಕೇಳಿದ.

“ಇವರನ್ನೆಲ್ಲ ನಮ್ಮ ಭಾವ ತಯಾರು ಮಾಡಿದ್ದು,” ಎಂದು ಭಾಮೈದ ಹಲ್ಲು ಕಚ್ಚಿದ. ಹೇಳುತ್ತಲೇ ಒಳಗೆ ಹೋಗಿ, ಕೌಂಟರಿನ ಹಿಂದಿದ್ದ ಸ್ಟೂಲನ್ನು ಎತ್ತಿಕೊಂಡು ಹಿಂದಿನ ಕೋಣೆಯ ಕಡೆಗೆ ಹೊರಟ.

ಸ್ಟೂಲು ಹೋಗುವುದನ್ನು ಅಲ್ಲಾಡಬೇಡಿಯವರು ನೋಡಿದರು. ಟಿವಿಯ ಕಡೆ ತಿರುಗಿದರು. ಆ ಚೌಕಗಳ ಸಂತೆಯಲ್ಲಿ ಕಟ್ಟಕಡೆಯದೊಂದು ಅವರ ಕಣ್ಣಿಗೆ ಬಿತ್ತು. ಹೆಂಡತಿಯ ಮುಖ. ತುಟಿ ಬಿಗಿದು, ಕೆನ್ನೆ ಉಬ್ಬಿ, ಕಣ್ಣಲ್ಲಿ ನೀರು. ಜೋಕಿನ ನಗು ಗಂಟಲವರೆಗೆ ಬಂದು ನಿಂತಿತ್ತು. ಅಪ್ಪಣೆಗೆ ಕಾಯುತ್ತಿತ್ತು. ಆಕೆಯೊಬ್ಬರೇ ಅಲ್ಲ, ಊರೆಲ್ಲ ಕಾಯುತ್ತಿದೆ, ಇಷ್ಟು ವರ್ಷ ಕಾದಿದೆ ಎಂಬುದು ಅವರಿಗೆ ಆಗ ಹೊಳೆಯಿತು. ಹೊಳೆದದ್ದೇ ನಾಚಿಕೆಯಾಯಿತು.

“ಅಲ್ಲಾ…” ಎಂದರು. ಜನ ಅಭ್ಯಾಸಬಲದಿಂದ ಇನ್ನಷ್ಟು ಬಿಗಿಯಾದರು.

“ಅಲ್ಲಾಡಿ!”

ಬೀದಿ ಮಿಸುಕಲಿಲ್ಲ. ಅದು ಯಾರೂ ಕೇಳಿರದ ಮಾತು. ಕ್ಷೌರದವನು ತುಟಿಯ ಸಂದಿಯಿಂದ, “ಹೇಗೆ?” ಎಂದು ಕೇಳಿದ.

ಹೇಗೆಂದು ತೋರಿಸಲೇಬೇಕಾಯಿತು. ಅಲ್ಲಾಡಬೇಡಿಯವರು ಮೊದಲು ಒಂದು ಭುಜ ಅಲ್ಲಾಡಿಸಿದರು. ಆಮೇಲೆ ಇನ್ನೊಂದು. ಆಮೇಲೆ ಎರಡೂ ಕೈ ಮೇಲೆತ್ತಿ ಒದರಿದರು. ಅಷ್ಟು ವರ್ಷ ಕಂಬದ ಹಾಗೆ ನಿಂತಿದ್ದ ದೇಹಕ್ಕೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಿರಲಿಲ್ಲ. ಎಡಗಾಲು ಬಲಕ್ಕೆ ಹೋಯಿತು, ಬಲಗಾಲು ಅದರ ಮೇಲೆ ಹತ್ತಿತು, ಹೊಟ್ಟೆ ತನ್ನಷ್ಟಕ್ಕೆ ತಾನೇ ಬೇರೆ ತಾಳದಲ್ಲಿ ಕುಣಿಯಿತು. ಕನ್ನಡಕ ಮೂಗಿನಿಂದ ಜಾರಿ ಗಡ್ಡಕ್ಕೆ ಸಿಕ್ಕಿಕೊಂಡಿತು. ಇಷ್ಟೆಲ್ಲ ಆಗುವಾಗ ಅಭ್ಯಾಸಕ್ಕೆ ಒಂದು ಕಣ್ಣು ಮುಚ್ಚಿಯೇ ಇತ್ತು.

ಮುಚ್ಚಿದ ಪಾತ್ರೆಯಲ್ಲಿ ಹಾಲು ಉಕ್ಕಿ ಮುಚ್ಚಳ ಎತ್ತುವ ಹಾಗೆ, ಕಡೆಯ ಸಾಲಿನಿಂದ ಒಂದು ನಗು ಎದ್ದಿತು. ಅಲ್ಲಾಡಬೇಡಿಯವರಿಗೆ ಅದರ ಗುರುತು ಚೆನ್ನಾಗಿ ಇತ್ತು. ಗೋಡೆಯ ಈಚೆಯಿಂದ ಎಷ್ಟು ಸಲ ಕೇಳಿದ್ದರು. ಕ್ಲಿಕ್. ಪಕ್ಕದ ಮನೆಯಾಕೆಗೆ ಅಂಟಿತು. ಕ್ಲಿಕ್, ಕ್ಲಿಕ್. ಹೆಡ್‌ಮಿಸ್ಟ್ರೆಸ್ ನಗುತ್ತ ಕ್ಷೌರದವನ ಬೆನ್ನಿಗೆ ಗುದ್ದಿದರು. ಬಿದ್ದಿದ್ದ ಗುಮಾಸ್ತರು ಮಲಗಿದಲ್ಲೇ ಹೊರಳಾಡಿದರು. ಕ್ಯಾಮೆರಾಕ್ಕೆ ಹುಚ್ಚು ಹಿಡಿದಂತಾಗಿ, ಕಾರ್ಡು ತುಂಬುವವರೆಗೂ ಬಡಬಡಿಸಿತು. ಅದು ನಿಂತ ಮೇಲೂ ಅಲ್ಲಾಡಬೇಡಿಯವರು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆಕೆಯ ನಗು ನಿಂತೀತು ಎಂದು ಅವರಿಗೆ ಭಯ.

ಕಂಪನಿಯವನು ಫೋಟೋಗಳನ್ನು ಒಂದೊಂದಾಗಿ ಟಿವಿಯಲ್ಲಿ ತಿರುವಿದ. ಎಲ್ಲವೂ ಅಲ್ಲಾಡಿದ್ದವು. ಜನ ಅಲ್ಲಾಡಿದ್ದರು, ಅವರ ಕುಣಿತಕ್ಕೆ ಸ್ಟ್ಯಾಂಡೂ ಅಲ್ಲಾಡಿತ್ತು.

“ಒಂದೂ ಉಪಯೋಗಕ್ಕೆ ಬರಲ್ಲ,” ಎಂದ. ಅವನ ಮುಖದ ನಗು ಮೊದಲ ಬಾರಿಗೆ ಕಳಚಿತ್ತು. “ನಾವು ಎಲ್ಲ ಬಗೆಯ ಜನಕ್ಕೂ ಕ್ಯಾಮೆರಾ ಮಾಡಿದ್ದೀವಿ. ಈ ಬಗೆ ನಮ್ಮ ಪಟ್ಟಿಯಲ್ಲಿಲ್ಲ.” ನಗು ಕ್ಯಾಮೆರಾಗಳನ್ನೆಲ್ಲ ವಾಪಸ್ ತುಂಬಿಕೊಂಡು ಹೋದ. ಕಾರ್ಡು ಅಂಗಡಿಯದಾದ್ದರಿಂದ ಉಳಿಯಿತು.

ಕ್ಲಿಕ್ ಎಂದರೂ ವ್ಯಾಪಾರ ಕುದುರಲಿಲ್ಲ, ಭಾಮೈದ ಮಾತಿಗೆ ತಪ್ಪುವವನಲ್ಲ. ಮಾರನೆಯ ದಿನ ಅಲ್ಲಾಡಬೇಡಿಯವರು ಜಗಳ ಆಡದೆ ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಹೋಗಿ ಕೂತರು. ಕಾರ್ಡಿನಿಂದ ಒಂದೇ ಒಂದು ಫೋಟೋ ದೊಡ್ಡದಾಗಿ ಹಾಕಿಸಿ ತಂದಿದ್ದರು. ಅದರಲ್ಲಿ ಹೆಂಡತಿಗೆ ಮೂರು ಬಾಯಿ, ಕಣ್ಣು ಎಲ್ಲಿದೆಯೋ ತಿಳಿಯದು, ಬಾಯಿಗೆ ಅಡ್ಡ ಹಿಡಿಯಲು ಹೊರಟ ಕೈ ಅರ್ಧ ದಾರಿಯಲ್ಲೇ ಕರಗಿಹೋಗಿತ್ತು. ಎಷ್ಟು ನೋಡಿದರೂ ಅವರಿಗೆ ಸಾಲದು. ಪಟ್ಟಿ ಅಳೆದು, ಕತ್ತರಿಸಿ, ಗಾಜು ಕೂರಿಸಿದರು. ಆಮೇಲೆ ಹೊರಗೆ ಬಂದು, ಬೀದಿಗೆ ಕಾಣುವ ಶೋಕೇಸಿನ ನಟ್ಟನಡುವೆ ಅದನ್ನು ತೂಗುಹಾಕಿದರು. ಮಾವನ ಪಾಠ ಅಂದಿಗೆ ಮುಗಿಯಿತು.

ಮೊದಲು ಬಂದು ನಿಂತವನು ಕ್ಷೌರದವನು. ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿ ಒಳಗೆ ಬಂದ.

“ನಂದೂ ಒಂದು ಹೀಗೇ ತೆಗೀರಿ. ಇಡೀ ಮನುಷ್ಯನೇ ನಡುಗ್ತಾ ಇದ್ರೆ ಕೈ ಒಂದನ್ನೇ ಯಾರು ನೋಡ್ತಾರೆ?”

ಅವನ ಹಿಂದೆ ಹೆಡ್‌ಮಿಸ್ಟ್ರೆಸ್, ಅವರ ಹಿಂದೆ ಬಟ್ಟೆ ಒಗೆಯುವವನು, ಅವನ ಹಿಂದೆ ತಲೆಗೆ ಪಟ್ಟಿ ಕಟ್ಟಿಕೊಂಡ ಗುಮಾಸ್ತರು. “ನಮ್ಮನ್ನೂ ಅಲ್ಲಾಡಿಸಿ” ಎಂಬುದೇ ಎಲ್ಲರ ಬೇಡಿಕೆ. ಸುತ್ತಿಟ್ಟಿದ್ದ ಹಳೆಯ ಪರದೆ ಬಿಚ್ಚಬೇಕಾಯಿತು. ಭಾಮೈದ ಒಂದು ಗಳಿಗೆ ತಲೆ ಕೆರೆದುಕೊಂಡು, ಹಿಂದಿನ ಕೋಣೆಗೆ ಹೋಗಿ, ಸ್ಟೂಲು ಎತ್ತಿ ತಂದು ಮೊದಲಿದ್ದ ಜಾಗದಲ್ಲೇ ಇಟ್ಟ.

“ಅದೆಲ್ಲ ಸರಿ ಭಾವ,” ಎಂದು ಶೋಕೇಸಿನ ಬಾಗಿಲು ಸರಿಸಿದ. “ಆದ್ರೆ ಇದನ್ನ ತೆಗೆದು, ಸ್ವಲ್ಪ ಕಮ್ಮಿ ಅಲ್ಲಾಡಿರೋದು ಯಾವುದಾದ್ರೂ ಹಾಕೋಣ. ಇದ್ರಲ್ಲಿ ನಮ್ಮಕ್ಕನ ಮುಖಾನೇ ಕಾಣಲ್ಲ.”

ಆ ಹೊತ್ತಿಗೆ ಅಕ್ಕ ಊಟದ ಡಬ್ಬಿ ಹಿಡಿದು ಬೀದಿ ದಾಟಿ ಬಂದಿದ್ದರು. ಶೋಕೇಸಿನಲ್ಲಿ ತಮ್ಮ ಮೂರು ಬಾಯಿಗಳನ್ನು ಕಂಡು, ಡಬ್ಬಿಯನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಗಾಜಿನ ಈಚೆಯಿಂದ ಅಲ್ಲಾಡಬೇಡಿಯವರು ನೋಡುತ್ತಿದ್ದರು. ಆಕೆಯೂ ಅವರನ್ನು ನೋಡಿದರು. ನೋಡಿಯೂ ನಗು ನಿಲ್ಲಲಿಲ್ಲ.

ಅಲ್ಲಾಡಬೇಡಿಯವರು ಭಾಮೈದನ ಕೈಯನ್ನು ಮೆಲ್ಲಗೆ ಫ್ರೇಮಿನಿಂದ ಬಿಡಿಸಿದರು.

“ಅದನ್ನ ಮಾತ್ರ ಅಲ್ಲಾಡಿಸಬೇಡ,” ಎಂದರು.